ಯೊಸೆಮಿಟಿಯ ಫೋರ್ ಮೈಲ್ ಟ್ರೇಲ್: ಗ್ಲೇಸಿಯರ್ ಪಾಯಿಂಟ್‌ಗೆ ನಡೆದು ಹತ್ತುವುದೋ, ಅಲ್ಲಿಂದ ನಡೆದು ಇಳಿಯುವುದೋ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ಜೂನ್ ಎರಡನೇ ವಾರ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇವೆ. ನಾಲ್ಕು ಜನ: ನಾನು, ನನ್ನ ಹೆಂಡತಿ, ಅಪ್ಪ, ತಮ್ಮ. ಕಣಿವೆಯನ್ನು ಮೇಲಿನಿಂದ ನೋಡುವ ಗ್ಲೇಸಿಯರ್ ಪಾಯಿಂಟ್ ನಮ್ಮ ಪ್ರವಾಸದ ಮುಖ್ಯ ಜಾಗ. ಅಲ್ಲಿಗೆ ಕಾರು ಹೋಗುತ್ತದೆ ಅಂತ ಗೊತ್ತು. ಆದರೂ ಕಣಿವೆಯ ತಳದಿಂದ ಫೋರ್ ಮೈಲ್ ಟ್ರೇಲ್ ಹಿಡಿದು ನಡೆದೇ ಹೋಗಬೇಕೆಂದು ನನಗೂ ಹೆಂಡತಿಗೂ ಆಸೆ. ತಮ್ಮನಿಗೆ ಬೆಟ್ಟ ಹತ್ತುವುದರಲ್ಲಿ ಆಸಕ್ತಿ ಇಲ್ಲ, ಕಾರು ಓಡಿಸುತ್ತಾನೆ.

ಗೊಂದಲ ಇರುವುದು ಅಪ್ಪನ ವಿಷಯದಲ್ಲಿ. ಅವರಿಗೆ 64 ವರ್ಷ. ದಿನಾ ಐದಾರು ಕಿ.ಮೀ. ಸಮತಟ್ಟಾದ ರಸ್ತೆಯಲ್ಲಿ ನಡೆಯುತ್ತಾರೆ, ಉಸಿರಾಟಕ್ಕೆ ತೊಂದರೆ ಇಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಬಲ ಮಂಡಿ ನೋಯುತ್ತದೆ. "ಹತ್ತುವುದು ಬೇಡ, ಮೇಲಕ್ಕೆ ಬಸ್ಸಿನಲ್ಲಿ ಹೋಗಿ ಇಳಿಯುವುದಾದರೆ ನಾನೂ ಬರ್ತೀನಿ" ಅಂತಿದ್ದಾರೆ. ಇದು ಸರಿಯೇ?

ಇನ್ನೂ ಕೆಲವು ಪ್ರಶ್ನೆ: ಜೂನ್‌ನಲ್ಲಿ ದಾರಿಯ ಮೇಲೆ ಹಿಮ ಇರುತ್ತದಾ? ನೀರು ಎಷ್ಟು ಹೊರಬೇಕು? ಫೋರ್ ಮೈಲ್ ಹತ್ತಿ ಪನೋರಮಾ ಟ್ರೇಲ್‌ನಲ್ಲಿ ಇಳಿಯುವುದು ಒಂದೇ ದಿನಕ್ಕೆ ಆಗುತ್ತದಾ? ಎಷ್ಟು ಗಂಟೆಗೆ ಹೊರಟರೆ ಒಳ್ಳೆಯದು?

ಬಂಡೆಗಲ್ಲು:

ಮೊದಲು ನಿಮ್ಮ ತಂದೆಯವರ ವಿಷಯ. ದಯವಿಟ್ಟು ಅವರನ್ನು ಈ ದಾರಿಯಲ್ಲಿ ಇಳಿಸಬೇಡಿ. ಇಳಿಯುವುದು ಸುಲಭ ಅನ್ನುವ ಮಾತು ಉಸಿರಿನ ಮಟ್ಟಿಗೆ ನಿಜ, ಮಂಡಿಯ ಮಟ್ಟಿಗೆ ಅದು ತಿರುವುಮುರುವು. ಹತ್ತುವಾಗ ತೊಡೆಯ ಸ್ನಾಯು ಸಂಕುಚಿತವಾಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಇಡೀ ದೇಹದ ಭಾರಕ್ಕೆ ಬ್ರೇಕ್ ಹಾಕಬೇಕು, ಪ್ರತಿ ಹೆಜ್ಜೆಯಲ್ಲೂ ಮಂಡಿಚಿಪ್ಪಿನ ಕೆಳಗೆ ಒತ್ತಡ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ನೋಯುವ ಮಂಡಿಗೆ 975 ಮೀಟರ್ ಇಳಿಜಾರು ಅಂದರೆ ಅದೇ ನೋವಿನ ಕೆಲಸವನ್ನು ಎರಡೂವರೆ ಮೂರು ಗಂಟೆ ಬಿಡದೆ ಮಾಡಿಸಿದಂತೆ. ನಡುದಾರಿಯಲ್ಲಿ ಮಂಡಿ ಕೈಕೊಟ್ಟರೆ ರಸ್ತೆ ಇಲ್ಲ, ವಾಹನ ಇಲ್ಲ. ಮೇಲಕ್ಕೋ ಕೆಳಕ್ಕೋ ನಡೆಯಲೇಬೇಕು.

ಈ ದಾರಿಗೆ ಇನ್ನೊಂದು ಗುಣವಿದೆ. ಹಿಂದೆ ಇದಕ್ಕೆ ಡಾಂಬರು ಹಾಕಿದ್ದರು. ಅದು ಸವೆದು ಅಲ್ಲಲ್ಲಿ ಪದರವಾಗಿ ಉಳಿದಿದೆ, ಅದರ ಮೇಲೆ ಗ್ರಾನೈಟಿನ ಸಣ್ಣ ಹರಳು ಹರಡಿದೆ. ಹತ್ತುವಾಗ ಇದು ಗಮನಕ್ಕೇ ಬರುವುದಿಲ್ಲ. ಇಳಿಯುವಾಗ ಗಟ್ಟಿ ನೆಲದ ಮೇಲಿನ ಹರಳು ಬೇರಿಂಗ್ ಗುಂಡಿನಂತೆ ಉರುಳುತ್ತದೆ, ಹಿಮ್ಮಡಿ ಊರಿದ ಕಾಲು ಮುಂದಕ್ಕೆ ಜಾರುತ್ತದೆ. ತಿರುವುಗಳ ಒಳಮೂಲೆಯಲ್ಲಿ ಇದು ಹೆಚ್ಚು. ಸವೆದ ಅಟ್ಟೆಯ ಶೂ ಹಾಕಿಕೊಂಡವರು ಕೂತುಬಿಡುವುದು ಅಲ್ಲೇ.

ಈಗ ಲೆಕ್ಕ. ಹೆಸರು ಫೋರ್ ಮೈಲ್ ಇದ್ದರೂ ಈಗಿನ ದಾರಿ ಒಂದು ಕಡೆಗೆ 4.8 ಮೈಲಿ, ಅಂದರೆ 7.7 ಕಿ.ಮೀ. ಜೇಮ್ಸ್ ಮೆಕಾಲೆ ಎಂಬಾತ 1870ರ ದಶಕದ ಆರಂಭದಲ್ಲಿ ಸುಂಕದ ದಾರಿಯಾಗಿ ಮಾಡಿಸಿದ್ದು ಚಿಕ್ಕದಿತ್ತು. ಆಮೇಲೆ ಜಾಡು ಬದಲಿಸಿದಾಗ ಉದ್ದವಾಯಿತು. ಶುರುವಾಗುವುದು ಸುಮಾರು 1,220 ಮೀಟರ್ ಎತ್ತರದಲ್ಲಿ, ಮುಗಿಯುವುದು 2,199 ಮೀಟರ್‌ನಲ್ಲಿ. 100 ಮೀಟರ್ ನಡೆದರೆ ಹನ್ನೆರಡು ಹದಿಮೂರು ಮೀಟರ್ ಮೇಲೇರಿರುತ್ತೀರಿ, ಅದೂ ಬಹುತೇಕ ಒಂದೇ ಸಮನೆ. ಎಲ್ಲೂ ಕೈ ಹಚ್ಚಿ ಹತ್ತುವ ಕೆಲಸವಿಲ್ಲ, ಎಲ್ಲೂ ದೀರ್ಘ ವಿಶ್ರಾಂತಿಯ ಸಮತಟ್ಟೂ ಇಲ್ಲ.

ಚಾರಣಿಗರ ಹಳೆಯ ಲೆಕ್ಕ ಹೀಗಿದೆ: ಸಮನೆಲದಲ್ಲಿ ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಒಂದು ಗಂಟೆ ಹೆಚ್ಚುವರಿ. 7.7 ಕಿ.ಮೀ.ಗೆ ಒಂದೂವರೆ ಗಂಟೆ, 975 ಮೀಟರ್‌ಗೆ ಇನ್ನೊಂದು ಗಂಟೆ ನಲವತ್ತು ನಿಮಿಷ, ಒಟ್ಟು ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಇದು ನಿಲ್ಲದೆ ನಡೆದರೆ. ಫೋಟೋ, ನೀರು, ತಿಂಡಿ ಸೇರಿಸಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಉದ್ಯಾನದವರೂ ಒಂದು ಕಡೆಗೆ ಮೂರರಿಂದ ನಾಲ್ಕು ಗಂಟೆ ಅನ್ನುತ್ತಾರೆ.

ನಿಮ್ಮಲ್ಲಿ ಕಾರು ಓಡಿಸುವ ತಮ್ಮ ಇರುವುದರಿಂದ ಪರಿಹಾರ ಸುಲಭ. ನೀವು ದಂಪತಿ ನಡೆದು ಹತ್ತಿ. ತಮ್ಮ ಅಪ್ಪನನ್ನು ಕಾರಿನಲ್ಲಿ ಮೇಲೆ ಕರೆತರಲಿ. ನಾಲ್ವರೂ ಮೇಲೆ ಸೇರಿ, ಕಾರಿನಲ್ಲಿ ಒಟ್ಟಿಗೆ ಇಳಿಯಿರಿ. ಯಾರ ಮಂಡಿಗೂ ಇಳಿಜಾರಿನ ಕಾಟ ಇಲ್ಲ.

ಹಿಮಗಾಳಿ:

ಬಂಡೆಗಲ್ಲು ಅವರ ಯೋಜನೆ ಸರಿ. ಆದರೆ ಅದು ನಿಂತಿರುವುದು ಗ್ಲೇಸಿಯರ್ ಪಾಯಿಂಟ್ ರಸ್ತೆ ತೆರೆದಿದೆ ಅನ್ನುವುದರ ಮೇಲೆ. ಆ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಮುಚ್ಚಿ ಮೇ ಕೊನೆಯ ಹೊತ್ತಿಗೆ ತೆರೆಯುತ್ತಾರೆ. ಹಿಮ ವಿಪರೀತ ಬಿದ್ದ ವರ್ಷ ಇದು ಮುಂದೆ ಹೋಗುತ್ತದೆ. 2023ರಲ್ಲಿ ಜುಲೈವರೆಗೂ ತೆರೆಯಲಿಲ್ಲ. ಹಾಗಾಗಿ ಜೂನ್ ಎರಡನೇ ವಾರ ಅಂದರೆ ಬಹುಪಾಲು ತೆರೆದಿರುತ್ತದೆ, ಆದರೆ ಖಾತ್ರಿ ಅಂತ ಹೇಳುವ ಹಾಗಿಲ್ಲ. ಹೊರಡುವ ಹಿಂದಿನ ವಾರ ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ಉದ್ಯಾನದ ಜಾಲತಾಣದಲ್ಲಿ ರಸ್ತೆ ಮತ್ತು ಟ್ರೇಲ್ ಎರಡರ ಸ್ಥಿತಿಯನ್ನೂ ನೋಡಿ. ಎರಡೂ ಬೇರೆ ಬೇರೆ; ರಸ್ತೆ ತೆರೆದ ಮಾತ್ರಕ್ಕೆ ಟ್ರೇಲ್ ತೆರೆದಿದೆ ಅಂತಲ್ಲ. ಪ್ರವೇಶಕ್ಕೆ ಮುಂಚಿತವಾಗಿ ಕಾಯ್ದಿರಿಸಬೇಕೋ ಬೇಡವೋ ಅನ್ನುವ ನಿಯಮವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ, ಅದನ್ನೂ ಅಲ್ಲೇ ನೋಡಿಕೊಳ್ಳಿ.

ಟ್ರೇಲ್ ಯಾಕೆ ತಡವಾಗಿ ತೆರೆಯುತ್ತದೆ ಅಂದರೆ, ಅದು ಇರುವುದು ಉತ್ತರಕ್ಕೆ ಮುಖ ಮಾಡಿದ ಗೋಡೆಯ ಮೇಲೆ. ಚಳಿಗಾಲದ ತಗ್ಗಿನ ಬಿಸಿಲು ಅಲ್ಲಿಗೆ ತಾಗುವುದೇ ಇಲ್ಲ. ಬಿದ್ದ ಹಿಮ ಹಗಲು ಸ್ವಲ್ಪ ಕರಗಿ, ರಾತ್ರಿ ಗಡ್ಡೆಕಟ್ಟಿ, ದಾರಿಯ ಅಗಲವನ್ನೆಲ್ಲ ಹೊರಗಡೆಗೆ ವಾಲಿದ ಮಂಜುಗಡ್ಡೆಯ ಹಲಗೆ ಮಾಡಿಬಿಡುತ್ತದೆ. ಹೊರಅಂಚಿನ ಕೆಳಗೆ ನೇರ ಪ್ರಪಾತ. ಹೀಗಾಗಿ ಚಳಿಗಾಲದಲ್ಲಿ ಯೂನಿಯನ್ ಪಾಯಿಂಟ್‌ನಿಂದ ಮೇಲಿನ ಭಾಗ ಮುಚ್ಚಿರುತ್ತದೆ. ಅದು ಬುಡದಿಂದ ಸುಮಾರು 5 ಕಿ.ಮೀ. ಮೇಲಿದೆ. ವಸಂತದ ಕೊನೆಯಲ್ಲೂ ಗೇಟು ಹಾಕಿದ್ದರೆ ಅದನ್ನು ದಾಟಿ ಮುಂದೆ ಹೋಗಬೇಡಿ. ಕೆಳಗಿನ ದಾರಿ ಒಣಗಿ ಧೂಳೆದ್ದಿರುತ್ತದೆ. ಮೇಲೆ ಒಂದೇ ಒಂದು ನೆರಳಿನ ಕೊರಕಲಿನಲ್ಲಿ ಹತ್ತು ಅಡಿ ಗಡ್ಡೆ ಉಳಿದಿದ್ದರೆ ಸಾಕು, ಅನಾಹುತಕ್ಕೆ ಅಷ್ಟೇ ಬೇಕಾಗಿರುವುದು.

ಬಸ್ಸಿನ ಬಗ್ಗೆ: ಯೊಸೆಮಿಟಿ ವ್ಯಾಲಿ ಲಾಡ್ಜ್‌ನಿಂದ ಗ್ಲೇಸಿಯರ್ ಪಾಯಿಂಟ್‌ಗೆ ಪ್ರವಾಸಿ ಬಸ್ಸು ಇದೆ, ರಸ್ತೆ ತೆರೆದಿರುವ ಕಾಲದಲ್ಲಿ ಮಾತ್ರ. ಕಣಿವೆಯೊಳಗೆ ಓಡುವ ಉಚಿತ ಶಟಲ್ ಮೇಲಕ್ಕೆ ಹೋಗುವುದಿಲ್ಲ. ಕಾರಿಲ್ಲದೆ ಹತ್ತಿದವರು, ಇಳಿಯಲು ಬಸ್ಸಿನಲ್ಲಿ ಸೀಟು ಸಿಗುತ್ತದೆ ಅಂತ ನಂಬಿ ಕೂರಬಾರದು. ಸೀಟು ಕೈಯಲ್ಲಿಲ್ಲದಿದ್ದರೆ ಇಳಿಯುವ 7.7 ಕಿ.ಮೀ.ಗೂ ಕಾಲು, ನೀರು, ಬೆಳಕು ಉಳಿಸಿಕೊಂಡೇ ಹತ್ತಬೇಕು.

ಕಲ್ಲುಹಾದಿ:

ಪನೋರಮಾ ಟ್ರೇಲ್ ಬಗ್ಗೆ ಕೇಳಿದ್ದೀರಿ. ಒಂದೇ ದಿನಕ್ಕೆ ಆಗುತ್ತದೆ, ದಿನಕ್ಕೆ 20 ಕಿ.ಮೀ. ಬೆಟ್ಟದಲ್ಲಿ ನಡೆದು ರೂಢಿ ಇದ್ದವರಿಗೆ. ಫೋರ್ ಮೈಲ್ 7.7, ಪನೋರಮಾ 13.7, ಒಟ್ಟು 21 ಕಿ.ಮೀ.ಗಿಂತ ಹೆಚ್ಚು. ಎಲ್ಲರೂ ಲೆಕ್ಕ ತಪ್ಪುವುದು ಏರಿಕೆಯಲ್ಲಿ. ಗ್ಲೇಸಿಯರ್ ಪಾಯಿಂಟ್ ಮುಟ್ಟಿದ ಮೇಲೆ ಇನ್ನೆಲ್ಲ ಇಳಿಜಾರು ಅಂದುಕೊಳ್ಳುತ್ತಾರೆ. ಹಾಗಲ್ಲ. ದಾರಿ ಮೊದಲು ಇಲಿಲುವೆಟ್ ಹೊಳೆಯ ಸೇತುವೆಯವರೆಗೆ ಸರ್ರನೆ ಇಳಿಯುತ್ತದೆ, ಅಲ್ಲಿಂದ ಪನೋರಮಾ ಬಂಡೆಯ ಮೇಲಕ್ಕೆ ಮತ್ತೆ 200 ಮೀಟರ್‌ಗೂ ಮೀರಿ ಹತ್ತಿಸುತ್ತದೆ. ಆ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ, ಕಾಲಿನಲ್ಲಿ ಆಗಲೇ 975 ಮೀಟರ್ ಏರಿಕೆ ಇರುತ್ತದೆ. ದಿನದ ಅತ್ಯಂತ ಬೇಸರದ ಒಂದು ಗಂಟೆ ಅದು.

ಅಲ್ಲಿಂದ ನೆವಾಡಾ ಜಲಪಾತದ ತಲೆ. ಆಮೇಲೆ ಎರಡು ದಾರಿ. ಮಿಸ್ಟ್ ಟ್ರೇಲ್ ಹತ್ತಿರದ್ದು, ಆದರೆ ವರ್ನಲ್ ಜಲಪಾತದ ಪಕ್ಕ 600ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು. ಜೂನ್‌ನಲ್ಲಿ ನೀರಿನ ಸೀರ್ಪನಿಗೆ ಅವು ಸದಾ ಒದ್ದೆ, ಎದುರಿನಿಂದ ಹತ್ತುವವರ ಸಾಲು ಬೇರೆ. ಜಾನ್ ಮ್ಯೂರ್ ಟ್ರೇಲ್ ಉದ್ದ, ಆದರೆ ಒಣ ಮತ್ತು ಇಳಿಜಾರು ಹದ. ದಣಿದ ಕಾಲಿಗೆ ನನ್ನ ಸಲಹೆ ಎರಡನೆಯದು. ಎರಡೂ ಹ್ಯಾಪಿ ಐಲ್ಸ್‌ನಲ್ಲಿ ಮುಗಿಯುತ್ತವೆ, ಅಲ್ಲಿ ಶಟಲ್ ನಿಲ್ದಾಣ 16 ಇದೆ.

ಪನೋರಮಾ ನೋಡಲೇಬೇಕೆಂದಿದ್ದರೆ ಅದಕ್ಕೆ ಬೇರೆ ದಿನ ಕೊಡಿ: ಬೆಳಿಗ್ಗೆ ಕಾರಿನಲ್ಲೋ ಬಸ್ಸಿನಲ್ಲೋ ಮೇಲೆ ಹೋಗಿ, ಇಡೀ ದಿನ ಇಟ್ಟುಕೊಂಡು ನಿಧಾನಕ್ಕೆ ಇಳಿಯಿರಿ. ಎರಡು ಒಳ್ಳೆಯ ದಾರಿಗಳನ್ನು ಒಂದು ದಿನಕ್ಕೆ ತುರುಕಿ ಎರಡನೆಯದರಲ್ಲಿ ನೆಲ ನೋಡಿಕೊಂಡು ನಡೆಯುವುದು ಅನ್ಯಾಯ.

ದಾರಿಹೋಕ:

ತುಂಬಾ ಧನ್ಯವಾದ. ಪನೋರಮಾ ಕೈಬಿಟ್ಟೆವು. ಅಪ್ಪನಿಗೂ ಬಂಡೆಗಲ್ಲು ಅವರು ಬರೆದದ್ದನ್ನು ಓದಿ ಹೇಳಿದೆ, ಒಪ್ಪಿದ್ದಾರೆ. ಆದರೆ ಅವರಿಗೂ ಸ್ವಲ್ಪ ನಡೆದ ಸಮಾಧಾನ ಬೇಕು. ಮೇಲೆ ಅವರು ನಡೆಯಬಹುದಾದ ಜಾಗ ಯಾವುದು? ಇನ್ನೊಂದು ಪ್ರಶ್ನೆ, ಕಾರಿನಲ್ಲಿ ಹೋದವರಿಗೂ ಅದೇ ನೋಟ ಸಿಗುವುದಾದರೆ ನಡೆದು ಹತ್ತಿದವರಿಗೆ ಹೆಚ್ಚಿಗೆ ಏನು ಕಾಣುತ್ತದೆ ಅಂತ ತಮ್ಮ ಕೇಳುತ್ತಿದ್ದಾನೆ.

ಬಂಡೆಗಲ್ಲು:

ಅಪ್ಪನಿಗೆ: ಪಾರ್ಕಿಂಗ್‌ನಿಂದ ಕಂಬಿ ಹಾಕಿದ ನೋಟದ ಜಾಗದವರೆಗೆ ಚಿಕ್ಕ, ನಯವಾದ ಕಾಲುದಾರಿ ಇದೆ. ಅದು ಯಾರಿಗೂ ಕಷ್ಟವಿಲ್ಲ. ಅದಕ್ಕೂ ಸ್ವಲ್ಪ ಮೊದಲು ರಸ್ತೆಯಲ್ಲೇ ವಾಶ್‌ಬರ್ನ್ ಪಾಯಿಂಟ್ ಸಿಗುತ್ತದೆ, ತಮ್ಮ ಅಲ್ಲಿ ಖಂಡಿತ ನಿಲ್ಲಿಸಲಿ. ವರ್ನಲ್ ಮತ್ತು ನೆವಾಡಾ ಜಲಪಾತ ಒಂದರ ಮೇಲೊಂದು ಅಲ್ಲಿಂದ ಚೆನ್ನಾಗಿ ಕಾಣುತ್ತವೆ, ಅರ್ಧ ಗುಮ್ಮಟದ ಆಕಾರದ ಹಾಫ್ ಡೋಮ್ ಬೆಟ್ಟ ಪಕ್ಕಕ್ಕೆ ತಿರುಗಿ ತೆಳ್ಳಗೆ ನಿಂತಂತಿರುತ್ತದೆ. ನಡೆಯಲೇಬೇಕೆಂದರೆ ಸೆಂಟಿನೆಲ್ ಡೋಮ್, ಹೋಗಿಬರಲು ಸುಮಾರು 3.5 ಕಿ.ಮೀ. ಬಹುಪಾಲು ಸಾಧಾರಣ ಏರಿಳಿತ. ಕೊನೆಯ ಬಂಡೆಯ ಇಳಿಜಾರು ಮಾತ್ರ ಕಡಿದು. ಅಲ್ಲಿ ಮಂಡಿ ತಕರಾರು ಮಾಡಿದರೆ ಬುಡದಲ್ಲೇ ನಿಂತು ಬರಬಹುದು. ಗ್ಲೇಸಿಯರ್ ಪಾಯಿಂಟ್‌ನಿಂದ ಪನೋರಮಾ ದಾರಿಯಲ್ಲಿ "ಸ್ವಲ್ಪ ದೂರ" ಹೋಗಿಬರುವ ಯೋಚನೆ ಬೇಡ. ಅದು ಶುರುವಿನಿಂದಲೇ ಇಳಿಜಾರು, ವಾಪಸು ಬರುವುದೆಲ್ಲ ಏರು.

ತಮ್ಮನಿಗೆ: ಕಾರಿನಲ್ಲಿ ಬಂದವರು ನೋಡುವುದು ಒಂದು ನೋಟ. ನಡೆದವರಿಗೆ ಅದು ತುಂಡುತುಂಡಾಗಿ ತೆರೆದುಕೊಳ್ಳುತ್ತದೆ. ಮೊದಲ ಭಾಗ ಓಕ್ ಮರಗಳ ನೆರಳು, ಏನೂ ಕಾಣದು. ಅಡ್ಡತಿರುವುಗಳು ಶುರುವಾದ ಮೇಲೆ ಮರಗಳ ಸಂದಿಯಲ್ಲಿ ಎದುರುಗೋಡೆಯ ಯೊಸೆಮಿಟಿ ಜಲಪಾತ ಕಾಣಿಸಿಕೊಳ್ಳುತ್ತದೆ. ಒಟ್ಟು 739 ಮೀಟರ್, ಮೂರು ಹಂತ. ಕೆಳಗಿನಿಂದ ನೋಡುವವರಿಗೆ ನಡುವಿನ ಹಂತ ಬಂಡೆಯ ಮರೆಯಲ್ಲಿ ಅಡಗಿರುತ್ತದೆ. ಈ ದಾರಿಯಲ್ಲಿ ಎತ್ತರ ಏರಿದಂತೆ ಮೂರೂ ಒಂದೇ ದಾರದಲ್ಲಿ ಸೇರುತ್ತವೆ, ಪ್ರತಿ ತಿರುವಿನಲ್ಲೂ ನೀವು ಅದಕ್ಕೆ ಇನ್ನಷ್ಟು ಸಮ ಎತ್ತರದಲ್ಲಿರುತ್ತೀರಿ. ಗಾಳಿ ಇತ್ತ ಬೀಸಿದರೆ ಕಣಿವೆ ದಾಟಿ ಸದ್ದೂ ಬರುತ್ತದೆ. ಪಶ್ಚಿಮಕ್ಕೆ ಎಲ್ ಕ್ಯಾಪಿಟಾನ್ ಎಂಬ ಬೃಹತ್ ಬಂಡೆಯ ಮುಂಚಾಚಿದ ಮೂಗು ಪಕ್ಕದಿಂದ ಕಾಣುತ್ತದೆ, ಇದು ಗ್ಲೇಸಿಯರ್ ಪಾಯಿಂಟ್‌ನಲ್ಲಿ ಇಲ್ಲವೇ ಇಲ್ಲ. ಯೂನಿಯನ್ ಪಾಯಿಂಟ್ ದಾಟಿದ ಮೇಲೆ ದಾರಿ ಪೂರ್ವಕ್ಕೆ ವಾಲುತ್ತದೆ, ಅಷ್ಟುಹೊತ್ತು ಅಡಗಿದ್ದ ಹಾಫ್ ಡೋಮ್ ಆಗ ಬರುತ್ತದೆ. ಜೂನ್ ಎರಡನೇ ವಾರ ಜಲಪಾತಕ್ಕೆ ಒಳ್ಳೆಯ ಕಾಲ. ಆಗಸ್ಟ್ ಹೊತ್ತಿಗೆ ಯೊಸೆಮಿಟಿ ಜಲಪಾತ ಬತ್ತುತ್ತಾ ಬರುತ್ತದೆ, ಆಗ ಈ ದಾರಿಯ ಅರ್ಧ ಸೊಗಸು ಹೋದಂತೆ.

ಮೊರೇನ್:

ಮೇಲೆ ನಿಂತಾಗ ಏನು ನೋಡಬೇಕೆಂದು ಗೊತ್ತಿದ್ದರೆ ಅಲ್ಲಿ ಒಂದು ಗಂಟೆ ಸಾಲದು, ಹಾಗಾಗಿ ಇದನ್ನು ಸೇರಿಸುತ್ತೇನೆ.

ಈ ಕಣಿವೆ ಬರೀ ಹಿಮನದಿಯ ಕೆಲಸವಲ್ಲ. ಮೊದಲು ಮರ್ಸೆಡ್ ನದಿ ಆಳವಾಗಿ ಕೊರೆದಿತ್ತು, ಅದರಲ್ಲಿ ಹಿಮನದಿಗಳು ಹಲವು ಬಾರಿ ಬಂದು ಅಗಲ ಮಾಡಿದವು. ಕ್ಯಾಲಿಫೋರ್ನಿಯಾದ ಭೂವಿಜ್ಞಾನಿ ಜೋಸಯಾ ವಿಟ್ನಿ 19ನೇ ಶತಮಾನದಲ್ಲಿ ಕಣಿವೆಯ ನೆಲವೇ ಕುಸಿದು ಹೀಗಾಯಿತು ಎಂದಿದ್ದರು. ನಿಸರ್ಗಪ್ರೇಮಿ ಲೇಖಕ ಜಾನ್ ಮ್ಯೂರ್ ಬಂಡೆಗಳ ಮೇಲಿನ ಹೊಳಪು, ಗೀರು ತೋರಿಸಿ ಹಿಮನದಿಯ ವಾದ ಮುಂದಿಟ್ಟರು. ಎರಡರ ಪಾಲನ್ನೂ ಬಿಡಿಸಿ ತೋರಿಸಿದ್ದು ಫ್ರಾಂಸ್ವಾ ಮಾಥೆಸ್ 1930ರಲ್ಲಿ ಪ್ರಕಟಿಸಿದ ಸಮೀಕ್ಷೆ.

ಕಂಬಿಯ ಬಳಿ ನಿಂತು ಪೂರ್ವಕ್ಕೆ ನೋಡಿ. ಹಾಫ್ ಡೋಮ್‌ನ ಎಡಕ್ಕೆ ಟೆನಾಯಾ ಕಮರಿ, ಬಲಕ್ಕೆ ನೆವಾಡಾ, ವರ್ನಲ್ ಜಲಪಾತಗಳಿರುವ ಮರ್ಸೆಡ್ ಕಮರಿ. ಎರಡರಿಂದಲೂ ಹಿಮ ಇಳಿದು ನಿಮ್ಮ ಕಾಲಕೆಳಗಿನ ಕಣಿವೆಯಲ್ಲಿ ಕೂಡಿಕೊಳ್ಳುತ್ತಿತ್ತು. ಆ ಎರಡು ಜಲಪಾತಗಳು ದೊಡ್ಡ ಮೆಟ್ಟಿಲಿನಂತೆ ಇರುವುದಕ್ಕೆ ಕಾರಣ ಬಂಡೆಯ ಬಿರುಕು. ಬಿರುಕು ಒತ್ತೊತ್ತಾಗಿದ್ದ ಕಡೆ ಹಿಮ ಕಲ್ಲನ್ನು ಕಿತ್ತುಕೊಂಡು ಹೋಯಿತು, ಬಿರುಕು ಕಡಿಮೆ ಇದ್ದ ಕಡೆ ಬರೀ ಉಜ್ಜಿತು. ಹಾಫ್ ಡೋಮ್‌ನ ಕಡಿದಾದ ಮುಖವೂ ಅಷ್ಟೇ, ಹಿಮ ಅರ್ಧ ಗುಮ್ಮಟವನ್ನು ತಿಂದುಹಾಕಿದ್ದಲ್ಲ. ನೇರ ಬಿರುಕುಗಳ ಸಾಲಿನಲ್ಲಿ ಪದರ ಪದರವಾಗಿ ಕಲ್ಲು ಕಳಚಿದ್ದು. ಅದರ ನೆತ್ತಿ ಹಿಮದಲ್ಲಿ ಎಂದೂ ಮುಳುಗಲಿಲ್ಲ. ನೀವು ನಿಂತ ಗ್ಲೇಸಿಯರ್ ಪಾಯಿಂಟ್ ಮಾತ್ರ, ಸುಮಾರು ಹತ್ತು ಲಕ್ಷ ವರ್ಷದ ಹಿಂದಿನ ಅತಿದೊಡ್ಡ ಹಿಮಯುಗದಲ್ಲಿ ಹಿಮದ ಕೆಳಗಿತ್ತು.

ಈಗ ನೇರ ಕೆಳಗೆ ನೋಡಿ. ನೆಲ ಯಾಕಿಷ್ಟು ಸಮತಟ್ಟು? ಕೊನೆಯ ಹಿಮನದಿ ಚಿಕ್ಕದು, ಬ್ರೈಡಲ್‌ವೇಲ್ ಹುಲ್ಲುಗಾವಲಿನ ಆಸುಪಾಸಿಗೇ ನಿಂತಿತು. ಅದು ತಂದು ಸುರಿದ ಕಲ್ಲುಮಣ್ಣಿನ ದಿಬ್ಬಗಳನ್ನೇ ಮೊರೇನ್ ಅನ್ನುತ್ತಾರೆ, ಎಲ್ ಕ್ಯಾಪಿಟಾನ್ ಹತ್ತಿರದ ಒಂದು ದಿಬ್ಬ ನೀರಿಗೆ ಒಡ್ಡಾಯಿತು. ಹಿಂದೆ ನಿಂತ ನೀರಿನಲ್ಲಿ ಹೂಳು ತುಂಬಿತು, ಅದರ ಮೇಲೆ ಇವತ್ತಿನ ಹುಲ್ಲುಗಾವಲು ಬಂತು. ಹೂಳಿನ ಕೆಳಗೆ ಗಟ್ಟಿ ಬಂಡೆ ಸಿಗಬೇಕಾದರೆ ಕೆಲವು ಕಡೆ ನೂರಾರು ಮೀಟರ್ ಕೆಳಗೆ ಹೋಗಬೇಕು. ಅಂದರೆ ನಿಮಗೆ ಕಾಣುವ ಆಳ ನಿಜವಾದ ಆಳವಲ್ಲ.

ಹೋಲಿಸಿ ನೋಡಲು: 140ನೇ ಹೆದ್ದಾರಿಯಲ್ಲಿ ಎಲ್ ಪೋರ್ಟಲ್ ಕಡೆಯಿಂದ ಬರುವುದಾದರೆ ಕಿಟಕಿಯಿಂದ ಗಮನಿಸಿ. ಕೆಳಗಿನ ಮರ್ಸೆಡ್ ಕಮರಿ ಇಕ್ಕಟ್ಟಾಗಿ, ಎರಡೂ ಇಳಿಜಾರು ಚೂಪಾಗಿ ನದಿಯಲ್ಲಿ ಕೂಡುತ್ತವೆ. ಅದು ನದಿಯೊಂದೇ ಕೊರೆದ ರೂಪ. ಕಣಿವೆಯೊಳಗೆ ಬಂದ ತಕ್ಷಣ ಗೋಡೆ ನೆಟ್ಟಗಾಗಿ ನೆಲ ಅಗಲವಾಗುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. ಹಾಫ್ ಡೋಮ್ ಪೂರ್ವಕ್ಕಿರುವುದರಿಂದ ಬೆಳಿಗ್ಗೆ ಬೆಳಕು ಅದರ ಹಿಂದಿರುತ್ತದೆ, ಫೋಟೋ ಮಂಕು. ಇಳಿಹೊತ್ತಿನಲ್ಲಿ ಮುಖದ ಮೇಲೆ ಬೆಳಕು ಬಿದ್ದು ಬಿರುಕು, ಪದರ ಎಲ್ಲ ಎದ್ದು ಕಾಣುತ್ತದೆ. ಕಾರು ಇದೆಯಾದ್ದರಿಂದ ಇನ್ನೊಂದು ಸಂಜೆ ಮತ್ತೆ ಬನ್ನಿ.

ಹಿಮಗಾಳಿ:

ನೀರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದೇ ಮುಖ್ಯ. ಈ ದಾರಿಯಲ್ಲಿ ನಂಬಬಹುದಾದ ನೀರಿಲ್ಲ. ಜೂನ್‌ನಲ್ಲಿ ಅಲ್ಲಲ್ಲಿ ಒಸರು ಇರಬಹುದು, ಆದರೆ ಸೋಸದೆ, ಶುದ್ಧೀಕರಿಸದೆ ಕುಡಿಯಬಾರದು. ಸಿಯೆರಾ ಬೆಟ್ಟಗಳ ತಿಳಿನೀರಿನಲ್ಲೂ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಇರಬಹುದು. ಹತ್ತಲು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಹಿಡಿಯಿರಿ. ನಾಲ್ಕು ಗಂಟೆಗೆ ಒಬ್ಬರಿಗೆ ಎರಡೂವರೆ ಲೀಟರ್, ಮೇಲೆ ಅರ್ಧ ಲೀಟರ್ ಮೀಸಲು, ಒಟ್ಟು ಮೂರು. ಎರಡೂ ಕಡೆ ನಡೆಯುವವರು ನಾಲ್ಕು ಹೊರಬೇಕು ಅಥವಾ ಮೇಲೆ ತುಂಬಿಸಿಕೊಳ್ಳಲು ಆಗುತ್ತದೆಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ, ತಲೆನೋವು, ವಾಕರಿಕೆ ಶುರುವಾಗುತ್ತದೆ. ಒಂದು ಬಾಟಲಿಗೆ ಓಆರ್‌ಎಸ್ ಬೆರೆಸಿಕೊಳ್ಳಿ, ಜೊತೆಗೆ ಉಪ್ಪು ಹಾಕಿದ ಗೋಡಂಬಿ, ಕಡಲೆಬೀಜದಂಥದ್ದು ಇಟ್ಟುಕೊಂಡು ಗಂಟೆಗೊಮ್ಮೆ ಸ್ವಲ್ಪ ತಿನ್ನಿ. ಹಸಿವಾಗುವವರೆಗೆ ಕಾಯಬೇಡಿ.

ಉತ್ತರದ ಗೋಡೆ ಅಂದಮಾತ್ರಕ್ಕೆ ಜೂನ್‌ನಲ್ಲಿ ತಂಪು ಅಂದುಕೊಳ್ಳಬೇಡಿ. ಸೂರ್ಯ ನೆತ್ತಿಗೆ ಬರುವ ಕಾಲ ಅದು, ಹತ್ತು ಗಂಟೆಯ ಮೇಲೆ ಮೇಲ್ಭಾಗದ ತಿರುವುಗಳಲ್ಲಿ ಪೊದೆ ಬಿಟ್ಟರೆ ನೆರಳಿಲ್ಲ. ಆರೂವರೆಗೆ ಹೆಜ್ಜೆ ಶುರುವಾದರೆ ಬಹುಪಾಲು ಏರಿಕೆ ನೆರಳಿನಲ್ಲೇ ಮುಗಿಯುತ್ತದೆ. ಮೇಲೆ ಕಣಿವೆಗಿಂತ ಆರೇಳು ಡಿಗ್ರಿ ಸೆಲ್ಸಿಯಸ್ ಕಡಿಮೆ, ಗಾಳಿಯೂ ಹೆಚ್ಚು. ಬೆವರಿದ ಮೈಗೆ ತೆಳುವಾದ ಗಾಳಿತಡೆ ಜಾಕೆಟ್ ಬೇಕು. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ.

ಮಧ್ಯಾಹ್ನದ ಗುಡುಗುಮಳೆ ಜುಲೈ, ಆಗಸ್ಟ್‌ನಲ್ಲಿ ಹೆಚ್ಚು, ಜೂನ್‌ನಲ್ಲೂ ಆಗುವುದುಂಟು. ಗುಡುಗು ಕೇಳಿಸಿತೆಂದರೆ ಸಿಡಿಲು ಬಡಿಯುವಷ್ಟು ಹತ್ತಿರ ಇದ್ದೀರಿ ಅಂತಲೇ ಅರ್ಥ. ಸೆಂಟಿನೆಲ್ ಡೋಮ್‌ನಂಥ ಬೋಳು ಬಂಡೆಯನ್ನೂ ಲೋಹದ ಕಂಬಿಯನ್ನೂ ಬಿಟ್ಟು ಕಾರಿನೊಳಗೆ ಹೋಗಿ. ಕಂಬಿಯಾಚೆ ಚಾಚಿದ ಬಂಡೆಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವವರು ಸಿಗುತ್ತಾರೆ. ಅವರನ್ನು ನೋಡಿ ಯಾರೂ ಹೋಗಬೇಡಿ. ಸುಮಾರು ಒಂದು ಕಿಲೋಮೀಟರ್ ಕೆಳಗೆ ಕಣಿವೆಯ ನೆಲ.

ಕಲ್ಲುಹಾದಿ:

ಉಳಿದ ಸಣ್ಣಪುಟ್ಟವು. ಟ್ರೇಲ್‌ಹೆಡ್, ಅಂದರೆ ದಾರಿ ಶುರುವಾಗುವ ಜಾಗ, ಇರುವುದು ಸೌತ್‌ಸೈಡ್ ಡ್ರೈವ್‌ನಲ್ಲಿ, ಸೆಂಟಿನೆಲ್ ರಾಕ್ ಬುಡದಲ್ಲಿ, ರಸ್ತೆ ಗುರುತು ವಿ18ರ ಬಳಿ. ಆ ರಸ್ತೆ ಪೂರ್ವಕ್ಕೆ ಮಾತ್ರ ಹೋಗುವ ಏಕಮುಖ. ಬಲಗಡೆ ನೋಡಿಕೊಂಡು ನಿಧಾನಕ್ಕೆ ಹೋಗಲಿ, ದಾಟಿಬಿಟ್ಟರೆ ಕಣಿವೆಗೆ ಸುತ್ತು ಹಾಕಿಯೇ ಮತ್ತೆ ಬರಬೇಕು. ಶಟಲ್‌ನಲ್ಲಿ ಬರುವವರು ಯೊಸೆಮಿಟಿ ವ್ಯಾಲಿ ಲಾಡ್ಜ್‌ನಲ್ಲಿ ಇಳಿದು, ಸ್ವಿಂಗಿಂಗ್ ಬ್ರಿಡ್ಜ್ ದಾಟಿ ನಡೆಯಬೇಕು. ಹತ್ತಿರವೇ.

ಕಾರಿನವರಿಗೆ: ಕಣಿವೆಯಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಎಲ್ ಪೋರ್ಟಲ್, ಕ್ರೇನ್ ಫ್ಲ್ಯಾಟ್ ಅಥವಾ ವವೋನಾದಲ್ಲಿ ತುಂಬಿಸಿಕೊಂಡಿರಬೇಕು. ಕಣಿವೆಯಿಂದ ಗ್ಲೇಸಿಯರ್ ಪಾಯಿಂಟ್ ರಸ್ತೆಯಲ್ಲಿ 48 ಕಿ.ಮೀ., ಒಂದು ಗಂಟೆ. ವವೋನಾ ರಸ್ತೆ ಹಿಡಿದು ಚಿಂಕಪಿನ್‌ನಲ್ಲಿ ಎಡಕ್ಕೆ ತಿರುಗಬೇಕು. ದಾರಿಯಲ್ಲೇ ಟನಲ್ ವ್ಯೂ ಸಿಗುತ್ತದೆ, ಅಪ್ಪನಿಗೆ ತೋರಿಸಲಿ.

ಕರಡಿಗೆ ಕಾರಿನ ಬಾಗಿಲು ದೊಡ್ಡ ಅಡ್ಡಿಯಲ್ಲ. ಕತ್ತಲಾದ ಮೇಲೆ ತಿನ್ನುವ ಯಾವ ಪದಾರ್ಥವನ್ನೂ, ಟೂತ್‌ಪೇಸ್ಟ್, ಸೋಪಿನಂಥ ವಾಸನೆಯ ವಸ್ತುವನ್ನೂ ಕಾರಿನಲ್ಲಿ ಬಿಡುವಂತಿಲ್ಲ, ಕಬ್ಬಿಣದ ಲಾಕರಿನಲ್ಲಿಡಬೇಕು. ಅಳಿಲಿಗೆ ಮೇಲೆ ಯಾರೂ ಏನೂ ಹಾಕಬೇಡಿ. ಕಾನೂನುಬಾಹಿರ, ಮತ್ತೆ ಅವು ಕಚ್ಚುತ್ತವೆ. ಟ್ರೇಲ್‌ನ ಕೆಳಭಾಗದಲ್ಲಿ ದಾರಿಯಂಚಿಗೆ ಮೂರು ಮೂರು ಎಲೆಯ ಪಾಯ್ಸನ್ ಓಕ್ ಪೊದೆ ಇರುತ್ತದೆ. ತಾಗಿದರೆ ಒಂದೆರಡು ದಿನದ ಮೇಲೆ ಬೊಬ್ಬೆ ಏಳುತ್ತದೆ. ತುಂಬು ಪ್ಯಾಂಟ್ ಹಾಕಿ, ದಾರಿಯ ನಡುವೆ ನಡೆಯಿರಿ. ನಾಯಿ, ಸೈಕಲ್‌ಗೆ ಈ ಟ್ರೇಲ್‌ನಲ್ಲಿ ಅವಕಾಶವಿಲ್ಲ. ಡ್ರೋನ್ ಇಡೀ ಉದ್ಯಾನದಲ್ಲೇ ನಿಷೇಧ.

ಫೋನ್ ಸಿಗ್ನಲ್ ನಂಬಬೇಡಿ. ನಕ್ಷೆ ಮೊದಲೇ ಇಳಿಸಿಕೊಂಡಿರಿ. ಎಲ್ಲಿ, ಎಷ್ಟು ಗಂಟೆಗೆ ಸೇರುವುದು, ನೀವು ಬರದಿದ್ದರೆ ತಮ್ಮ ಎಷ್ಟು ಹೊತ್ತು ಕಾದು ಯಾರಿಗೆ ತಿಳಿಸಬೇಕು ಎನ್ನುವುದನ್ನು ಕೆಳಗೇ ಮಾತಾಡಿಕೊಂಡಿರಿ.

ದಾರಿಹೋಕ:

ಎಲ್ಲರಿಗೂ ಧನ್ಯವಾದ. ಹೀಗೆ ಮಾಡಿಕೊಂಡಿದ್ದೇವೆ: ಆರೂವರೆಗೆ ತಮ್ಮ ನಮ್ಮಿಬ್ಬರನ್ನು ಟ್ರೇಲ್‌ಹೆಡ್‌ನಲ್ಲಿ ಇಳಿಸುತ್ತಾನೆ. ಅಪ್ಪನ ಜೊತೆ ತಿಂಡಿ ಮುಗಿಸಿ ಹತ್ತು ಗಂಟೆಗೆ ಹೊರಟು ಹನ್ನೊಂದಕ್ಕೆ ಮೇಲೆ ಬರುತ್ತಾನೆ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಟ್ರೆಕಿಂಗ್ ಕೋಲು ಒಂದು ಜೊತೆ. ರಸ್ತೆ ಮುಚ್ಚಿದ್ದರೆ ಮಾತ್ರ ಏನು ಮಾಡುವುದು ತಿಳಿಯಲಿಲ್ಲ.

ಬಂಡೆಗಲ್ಲು:

ಒಂದು ಬದಲಾವಣೆ. ತಮ್ಮ ಹತ್ತಕ್ಕೆ ಹೊರಡುವುದು ತಡ. ಗ್ಲೇಸಿಯರ್ ಪಾಯಿಂಟ್ ಪಾರ್ಕಿಂಗ್ ಬೇಸಿಗೆಯಲ್ಲಿ ಹಗಲು ಏರುತ್ತಿದ್ದಂತೆ ತುಂಬುತ್ತದೆ, ಆಮೇಲೆ ಸಾಲಿನಲ್ಲಿ ಕಾಯಬೇಕು. ನೀವು ಮೇಲೆ, ಅವರು ಸಾಲಿನಲ್ಲಿ, ಫೋನೂ ಇಲ್ಲ. ಏಳೂವರೆ ಎಂಟಕ್ಕೆ ಕಣಿವೆ ಬಿಟ್ಟು ಒಂಬತ್ತಕ್ಕೆ ಮೇಲಿರಲಿ, ತಿಂಡಿ ಕಟ್ಟಿಕೊಂಡು ಹೋಗಲಿ. ನೀವು ಬರುವವರೆಗೆ ಅಪ್ಪನಿಗೆ ಅಲ್ಲಿ ಕೂರಲು ಕಲ್ಲಿನ ಮೆಟ್ಟಿಲುಗಳ ಬಯಲು ರಂಗಮಂದಿರವಿದೆ. ಸೇರುವ ಜಾಗವನ್ನೂ ಅದನ್ನೇ ಮಾಡಿಕೊಳ್ಳಿ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ರಸ್ತೆ ಮುಚ್ಚಿ ಟ್ರೇಲ್ ಮಾತ್ರ ತೆರೆದಿದ್ದರೆ ಯೂನಿಯನ್ ಪಾಯಿಂಟ್‌ವರೆಗೆ ಹತ್ತಿ ಅಲ್ಲಿಂದಲೇ ತಿರುಗಿ. ಹೋಗಿಬರಲು 10 ಕಿ.ಮೀ. ಆಸುಪಾಸು, ಜಲಪಾತವೂ ಎಲ್ ಕ್ಯಾಪಿಟಾನೂ ಅಷ್ಟರಲ್ಲಿ ಸಿಕ್ಕಿರುತ್ತವೆ. ಪೂರ್ತಿ ಹೋಗಿಬರುವುದಾದರೆ 15.4 ಕಿ.ಮೀ., ಆರರಿಂದ ಎಂಟು ಗಂಟೆ. ಆಗ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಇಳಿಯಲು ಶುರು ಮಾಡಿ, ಬ್ಯಾಗಿನಲ್ಲಿ ಹೆಡ್‌ಲ್ಯಾಂಪ್ ಇರಲಿ. ಇಳಿಯುವ ಮುಂಚೆ ಕೋಲನ್ನು ಐದರಿಂದ ಹತ್ತು ಸೆಂ.ಮೀ. ಉದ್ದ ಮಾಡಿಕೊಳ್ಳಿ, ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿಕೊಂಡಿರಿ.